ಬೂದಿಯೊಳಗಿನ ನೀಲಿ ಸೀಸೆ

ಮೊಮ್ಮಗಳಿಗೆ ಹಲ್ಲು ಬಂದರೂ ಹೆಸರು ಬಂದಿರಲಿಲ್ಲ. ನಾನು ಬಂಗಾರಿ ಅನ್ನುತ್ತಿದ್ದೆ, ನಮ್ಮವಳು ಪುಟ್ಟಿ ಅನ್ನುತ್ತಿದ್ದಳು, ನಿದ್ದೆಗೆಡಿಸಿದ ಮರುದಿನ ಮಗಳು ರಾಕ್ಷಸಿ ಅನ್ನುತ್ತಿದ್ದಳು. ಮಗು ಮೂರಕ್ಕೂ ತಿರುಗಿ ನಗುತ್ತಿತ್ತು.

ಹೆಸರು ಸಿಗದೆ ಹೀಗಾದದ್ದಲ್ಲ. ಮಗು ಹುಟ್ಟುವ ಮೊದಲೇ ಅಳಿಯ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಅದು ಅವನ ತಾಯಿಯ ತಾಯಿಯ ಹೆಸರು. ಆ ಅಜ್ಜಿಯನ್ನು ಅವನು ನೋಡಿದವನಲ್ಲ. ಅವನ ತಾಯಿ ಇನ್ನೂ ಶಾಲೆಯ ಬಾಗಿಲು ಕಾಣದಿದ್ದಾಗಲೇ ಆಕೆ ತೀರಿಕೊಂಡಿದ್ದರು. ಒಂದು ಫೋಟೋ ಕೂಡ ಉಳಿದಿಲ್ಲ. "ಹೆಸರಾದ್ರೂ ಮನೇಲಿ ಓಡಾಡ್ಕೊಂಡಿರ್ಲಿ" ಎಂದು ಅವನು ಊಟದ ಹೊತ್ತಿನಲ್ಲಿ ಹೇಳಿದಾಗ ಅವನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಎದ್ದು ಹೋಗಿ ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೊಮ್ಮೆ ತೊಳೆದರು. ಕೈ ಒರೆಸಿಕೊಳ್ಳುತ್ತ ಬಂದು, "ಅದೊಂದು ಬೇಡಪ್ಪ. ಬೇರೆ ಯಾವುದಾದ್ರೂ ಇಡಿ" ಅಂದರು. ಯಾಕೆ ಎಂದು ಅವನು ಕೇಳಿದ. ಅವರು ಹೇಳಲಿಲ್ಲ. ಅವನೂ ಅದೇ ತಾಯಿಯ ಮಗ, ಬೇರೆ ಹೆಸರು ಹುಡುಕಲಿಲ್ಲ. ಅವನು ಆ ಕಡೆ, ಅವರು ಈ ಕಡೆ, ಮಗು ನಡುವೆ ಕೂತು ತನ್ನ ಮುಷ್ಟಿಯನ್ನೇ ಕಡಿಯುತ್ತಿತ್ತು.

ನನ್ನ ಕಸುಬು ಗುಜರಿಯದು. ಹಳೇ ಬಾಟಲಿ, ಹಳೇ ಪೇಪರು, ತಗಡು ಎಂದು ಕೂಗುತ್ತ ಕೈಗಾಡಿ ತಳ್ಳಿಕೊಂಡು ಕಾಲು ಸವೆಸಿದವನು. ಗಾಡಿ ಬಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ಹಿಂದಿನ ಕಾಲದವರು ಮನೆಯ ಕಸವನ್ನು ಹಿತ್ತಲಲ್ಲೇ ಒಂದು ಗುಂಡಿ ತೋಡಿ ಸುರಿಯುತ್ತಿದ್ದರಲ್ಲ, ಅಂಥ ಗುಂಡಿಗಳನ್ನು ಹುಡುಕಿ ಅಗೆದು ಒಳಗಿನ ಹಳೆಯ ಗಾಜಿನ ಸೀಸೆಗಳನ್ನು ಎತ್ತುವುದು ನನಗೆ ಹತ್ತಿಕೊಂಡ ಚಟ. ನಮ್ಮ ಮನೆಯ ಕಿಟಕಿ ಕಟ್ಟೆಗಳ ಮೇಲೆ ಮಸಿಯ ಕುಡಿಕೆ, ತಲೆಗೆ ಹಚ್ಚುವ ಎಣ್ಣೆಯ ಸೀಸೆ, ಕತ್ತಿನಲ್ಲಿ ಗೋಲಿ ಸಿಕ್ಕಿಸಿಕೊಂಡ ಸೋಡಾ ಬಾಟಲಿ ಸಾಲಾಗಿ ನಿಂತಿವೆ. "ಮೊದಲು ಇವರಿಂದ ಬಾಟ್ಲಿ ಮನೆಯಿಂದ ಹೊರಗೆ ಹೋಗ್ತಿದ್ವು, ಈಗ ಒಳಗೆ ಬರ್ತಿವೆ" ಎಂದು ನಮ್ಮವಳು ಬಂದವರಿಗೆಲ್ಲ ಹೇಳುತ್ತಾಳೆ. "ಕೋಳಿ ಆದ್ರೆ ತಿಪ್ಪೆ ಕೆದಕಿ ಬಂದು ಒಂದು ಮೊಟ್ಟೆನಾದ್ರೂ ಇಡುತ್ತೆ."

ತಿಪ್ಪೆಗೂ ಒಂದು ಕ್ರಮ ಇದೆ. ಮೇಲೆ ಪ್ಲಾಸ್ಟಿಕ್ಕು. ಅದರ ಕೆಳಗೆ ತುಕ್ಕು ತಿಂದ ಡಬ್ಬಿಗಳು. ಅದಕ್ಕೂ ಕೆಳಗೆ ಒಲೆಯ ಬೂದಿ. ಬೂದಿ ಸಿಕ್ಕಿತೆಂದರೆ ಗುದ್ದಲಿ ಬದಿಗಿಟ್ಟು ಗಾರೆಯವರ ಕರಣೆ ಹಿಡಿಯಬೇಕು; ಗಾಜು ಬೂದಿಯಲ್ಲಿ ಹಾಸಿಗೆಯ ಮೇಲೆ ಮಲಗಿದ ಹಾಗೆ ಮಲಗಿರುತ್ತದೆ. ಅಗೆಯುವ ಮೊದಲು ಉದ್ದದ ಸರಳೊಂದನ್ನು ಇಳಿಬಿಟ್ಟು ನೋಡುತ್ತೇನೆ. ಕಲ್ಲಿಗೆ ತಗುಲಿದರೆ ಸರಳು ನಿಂತುಬಿಡುತ್ತದೆ, ತಗಡಾದರೆ ಕರಕರ ಅನ್ನುತ್ತದೆ. ಗಾಜಾದರೆ ಮೆಲ್ಲಗೆ ಜಾರಿ ಅಂಗೈಗೆ ಕಚಗುಳಿ ಇಡುತ್ತದೆ. ಮಣ್ಣು ಮೆತ್ತಿದ ಸೀಸೆಯನ್ನು ಕಣ್ಣಿನಿಂದ ನೋಡಿ ಉಪಯೋಗವಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅದು ಯಾವ ಮನೆಯ ಯಾವ ಗೂಡಿನಲ್ಲಿ ಇತ್ತು ಅನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ಇದೆ. ಎತ್ತಿದ ಸೀಸೆಯನ್ನು ಅದೇ ದಿನ ತೊಳೆಯಬಾರದು. ಅಷ್ಟು ಕಾಲ ತಣ್ಣಗೆ ಮಲಗಿದ್ದ ಗಾಜು ಹೊರಗಿನ ಗಾಳಿಗೆ ಹೊಂದಿಕೊಳ್ಳುವ ಮುಂಚೆ ನೀರು ಬಿದ್ದರೆ ಚಿಟ್ಟನೆ ಬಿರಿಯುತ್ತದೆ. ಅದರ ಮಣ್ಣಿನ ಸಮೇತ ಗೋಣಿಯಲ್ಲಿ ಸುತ್ತಿ ಮನೆಯ ಮೂಲೆಯಲ್ಲಿ ಒಂದೆರಡು ದಿನ ಇಟ್ಟು, ಆಮೇಲೆ ಉಗುರು ಬೆಚ್ಚಗಿನ ನೀರು ಮುಟ್ಟಿಸುತ್ತೇನೆ.

ಬೀಗಿತ್ತಿ ನಮ್ಮ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂತು, ಅರ್ಧ ಲೋಟ ಟೀ ಕುಡಿದು, ಹೊರಟುಬಿಡುವವರು. ಆ ದಿನ ಮಾತ್ರ ಹಿತ್ತಲಿಗೇ ಬಂದರು. ನಾನು ಬೂದಿ ಜರಡಿ ಹಿಡಿಯುತ್ತಿದ್ದೆ. ಬೋರಲು ಹಾಕಿದ ಬಕೆಟಿನ ಮೇಲೆ ಕೂತುಕೊಂಡರು.

"ಬೀಗರೇ, ನೀವು ತಿಪ್ಪೆ ಅಗೀತೀರಲ್ಲ, ಯಾರಾದ್ರೂ ಕರೆದ್ರೆ ಹೋಗ್ತೀರಾ?"

"ತಿಪ್ಪೆಗೆ ಯಾರು ಕರೀತಾರೆ? ಕರೀದೇನೇ ಹೋಗೋದು ನಾನು."

"ನಾನು ಕರೀತಿದ್ದೀನಿ."

ನಾನು ಜರಡಿ ಕೆಳಗಿಟ್ಟೆ. ಅವರು ಮೊಣಕಾಲಿನ ಮೇಲೆ ಕೈ ಜೋಡಿಸಿಕೊಂಡು, ನನ್ನ ಮುಖ ನೋಡದೆ, ಬೂದಿಯ ರಾಶಿಗೆ ಹೇಳಿದ ಹಾಗೆ ಹೇಳಿದರು.

"ನಮ್ಮಪ್ಪನ ಮನೆ ಕೆಡವಿದ್ದಾರೆ. ಎಂದೋ ಮಾರಿದ್ದು, ಈಗ ಕೊಂಡವರು ದೊಡ್ಡದು ಕಟ್ಟಿಸ್ತಾರಂತೆ. ಹಿತ್ತಲಲ್ಲಿ ನಮ್ಮ ಕಸದ ಗುಂಡಿ ಇತ್ತು. ಅಮ್ಮ ಸತ್ತ ದಿನ ಸೋದರತ್ತೆ ನನ್ನ ತೊಡೆ ಮೇಲೆ ಕೂರಿಸ್ಕೊಂಡು ಕೇಳಿದ್ರು, ನಿನ್ನೆ ಅಮ್ಮ ಏನು ತಿಂದ್ಲು, ಏನು ಕುಡಿದ್ಲು ಅಂತ. ನೀಲಿ ಬಾಟ್ಲಿಯಿಂದ ಕುಡಿದ್ಲು ಅಂದೆ. ಕಂಡಿದ್ದೇ ಹೇಳಿದೆ. ಸೋದರತ್ತೆಗೆ ಗೊತ್ತಿದ್ದ ನೀಲಿ ಬಾಟ್ಲಿ ಒಂದೇ, ತಿಗಣೆಗೆ ಅಂತ ಅಪ್ಪ ತಂದಿಟ್ಟಿದ್ದ ವಿಷ. ನನ್ನನ್ನ ತೊಡೆಯಿಂದ ಇಳಿಸಿದ್ರು. ಅಷ್ಟೇ. ಸಂಜೆ ಹೊತ್ತಿಗೆ ಬೀದಿಯೆಲ್ಲ ಅದೇ ಮಾತು."

"ನಿಮ್ಮಪ್ಪ?"

"ಅಪ್ಪ ನನ್ನ ಒಂದು ಮಾತೂ ಕೇಳ್ಲಿಲ್ಲ. ಬೈಲೂ ಇಲ್ಲ. ಅಮ್ಮನ ಕೋಣೇಲಿ ಗೂಡಲ್ಲಿದ್ದಿದ್ದು, ಹಲಗೆ ಮೇಲಿದ್ದಿದ್ದು ಎಲ್ಲ ಒಂದೇ ಸಲ ಕೈಯಲ್ಲಿ ಬಾಚಿ ಡಬ್ಬಕ್ಕೆ ಹಾಕ್ಕೊಂಡು ಹೋಗಿ ಗುಂಡಿಗೆ ಸುರಿದು ಬಂದ್ರು. ಏನು ಸುರೀತಿದ್ದೀನಿ ಅಂತಲೂ ನೋಡ್ಲಿಲ್ಲ."

ಸೆರಗಿಗೆ ಹಾರಿದ ಬೂದಿ ಕೊಡವಿಕೊಂಡರು. ಆಮೇಲೆ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಆ ಮಾತು ಆಡಿದಾಗ ನನಗೆ ಹಾಲುಹಲ್ಲೂ ಬಿದ್ದಿರ್ಲಿಲ್ಲ" ಅಂದರು. "ಅವಳೇ ಕುಡಿದು ಹೋಗಿದ್ರೆ, ನನ್ನ ಬೇಡ ಅಂತ ಬಿಟ್ಟು ಹೋದ್ಲು. ಅಲ್ಲ ಅಂದ್ರೆ, ನಾನೇ ಅವಳ ಮೇಲೆ ಇಲ್ಲದ್ದು ಹೊರಿಸಿದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗ್ದೆ ಆ ಹೆಸರಿಂದ ಮಗೂನ ಕರೆಯೋಕೆ ನನಗೆ ಬಾಯಿ ಬರಲ್ಲ."

"ಯಾವುದಾದ್ರೂ ಆಗಬಹುದು ಬೀಗಿತ್ತಿಯವರೇ. ತಡ್ಕೋತೀರಾ?"

"ಇಷ್ಟು ವರ್ಷ ಎರಡನ್ನೂ ಹೊತ್ತಿದ್ದೀನಿ. ಒಂದಾದ್ರೆ ಹಗುರಾನೇ."

"ಗಾಜು ಮಾತಾಡಲ್ಲ, ನೋಡಿ."

"ಸುಳ್ಳೂ ಹೇಳಲ್ವಲ್ಲ" ಅಂದರು.

ಮಾರನೇ ದಿನ ಬೆಳಗ್ಗೆ ಸರಳು, ಗುದ್ದಲಿ, ಜರಡಿ ಹೊತ್ತು ಹೋದೆ. ಅವರು ನನಗಿಂತ ಮೊದಲೇ ಬಂದು ನಿಂತಿದ್ದರು. ಮನೆ ಇದ್ದ ಕಡೆ ನೆಲದ ಕಲ್ಲುಗಳು ಮಾತ್ರ ಉಳಿದಿದ್ದವು. ಗಾರೆ ಮೇಸ್ತ್ರಿ ಸಿಮೆಂಟು ಚೀಲಗಳ ಮೇಲೆ ಕೂತು ನಮ್ಮಿಬ್ಬರನ್ನೂ ನಮ್ಮ ಗುದ್ದಲಿಯನ್ನೂ ನೋಡಿದ.

"ಹಿಂದಿನ ಭಾಗಕ್ಕೆ ನಾಳೆ ಕಾಂಕ್ರೀಟು ಬೀಳುತ್ತೆ. ಅಷ್ಟರೊಳಗೆ ಏನು ಬೇಕಾದ್ರೂ ಎತ್ಕೊಳ್ಳಿ. ನಿಧಿ ಸಿಕ್ರೆ ಅರ್ಧ ನಂದು."

"ಮುಕ್ಕಾಲು ತಗೊಳ್ಳಪ್ಪ" ಅಂದರು ಬೀಗಿತ್ತಿ. "ಒಡೆದಿದ್ದೆಲ್ಲ ನಿಂದು, ಇಡಿಯಾಗಿದ್ದು ನಂದು."

ಗುಂಡಿ ಎಲ್ಲಿತ್ತು ಎಂದು ಹುಡುಕುವುದು ಕಷ್ಟವಾಗಲಿಲ್ಲ. ಬಚ್ಚಲಿನ ಕಲ್ಲು ಕಂಡಿದ್ದೇ ತಡ, ಅವರು ಅದರ ಮೇಲೆ ನಿಂತು, ಹಿಂಬಾಗಿಲು ಇದ್ದ ಕಡೆ ತಿರುಗಿ, "ಇಲ್ಲಿಂದ ಜಿಗಿದ್ರೆ ಗುಂಡಿ ಅಂಚಿಗೆ ಬೀಳ್ತಿದ್ದೆ. ಬೀಳೋಕ್ಕಿಂತ ಮೊದ್ಲು ಬೈಗುಳ ಬೀಳ್ತಿತ್ತು" ಎಂದು ಬೆರಳು ತೋರಿಸಿದರು. ಸರಳು ಇಳಿಸಿದೆ. ಮೊದಲ ಸಲಕ್ಕೇ ಮೆತ್ತನೆಯ ಬೂದಿ ಸಿಕ್ಕಿತು.

ಮೇಲಿನದೆಲ್ಲ ಬೇರೆಯವರ ಸಂಸಾರ. ಆಮೇಲೆ ಬಾಡಿಗೆಗಿದ್ದವರ ಚಪ್ಪಲಿ, ಹಲ್ಲುಜ್ಜುವ ಕಡ್ಡಿ, ಮಕ್ಕಳ ಗೊಂಬೆಯ ಒಂದು ಕೈ. ಅದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ಕೆಳಗಿಳಿದೆ. ನಾನು ಅಗೆದು ಕೊಟ್ಟಿದ್ದನ್ನು ಬೀಗಿತ್ತಿ ಜರಡಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅವರ ಜರಡಿಯಲ್ಲಿ ಬೆಂಕಿಕಡ್ಡಿಯಷ್ಟು ಸಣ್ಣ ಸೀಸದ ತುಂಡೊಂದು ಉಳಿಯಿತು. ಅವರು ಅದನ್ನು ಹೆಬ್ಬೆರಳಿನಿಂದ ಉಜ್ಜಿ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು.

"ಅಚ್ಚಿನ ಮೊಳೆ ಬೀಗರೇ. ನಮ್ಮಪ್ಪ ಪ್ರೆಸ್ಸಲ್ಲಿ ಮೊಳೆ ಜೋಡಿಸ್ತಿದ್ದಿದ್ದು. ಮೂಲೆ ಮುರಿದಿದ್ದನ್ನ ಜೇಬಲ್ಲಿ ಹಾಕ್ಕೊಂಡು ಬರ್ತಿದ್ರು, ನನಗೆ ಆಡೋಕೆ. ಅದರಲ್ಲಿ ಅಕ್ಷರ ಎಲ್ಲ ತಿರುಗಾಮುರುಗಾ ಇರುತ್ತೆ. ನಾನು ಅದನ್ನೇ ನೋಡಿ ಕಲಿತು ಶಾಲೇಲಿ ಎಲ್ಲಾ ಉಲ್ಟಾ ಬರೆದು ಏಟು ತಿಂದೆ."

"ನಮ್ಮಪ್ಪ ಪ್ರೆಸ್ಸಲ್ಲಿ ಇಲ್ಲದೇನೂ ನಾನು ಏಟು ತಿಂದೆ" ಅಂದೆ.

ನಕ್ಕರು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೊಳೆ ಸಿಕ್ಕಿತೆಂದರೆ ಅವರ ಮನೆಯ ಬೂದಿಗೆ ಬಂದು ಮುಟ್ಟಿದ್ದೇವೆ ಎಂದಾಯಿತು. ಕರಣೆ ತೆಗೆದುಕೊಂಡೆ. ಹಲ್ಲು ಮುರಿದ ಬಾಚಣಿಗೆ ಬಂತು, ಕೈಗನ್ನಡಿಯ ಚೂರುಗಳು ಬಂದವು, ಎಣ್ಣೆಯ ಪುಟ್ಟ ಸೀಸೆಯೊಂದು ಬಂತು. ದಿನದಿನದ ಕಸ ಹೀಗೆ ಬೀಳುವುದಿಲ್ಲ. ಇದು ಒಂದೇ ಸಲಕ್ಕೆ ಸುರಿದದ್ದು, ಎಲ್ಲ ಒಂದರ ಮೈಮೇಲೊಂದು ಬಿದ್ದಿತ್ತು. ಬಾಚಣಿಗೆಯನ್ನು ಅವರು ಕೈಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು.

ಹೊತ್ತು ಇಳಿಯುತ್ತಿದ್ದಾಗ ನನ್ನ ಬೆರಳಿಗೆ ಒಂದು ಸೀಸೆಯ ಬೆನ್ನು ತಗುಲಿತು. ಬೂದಿ ಕಲ್ಲಿನಂತೆ ಅಂಟಿತ್ತು. ಒಂದು ಕಡೆ ಉದುರಿದಲ್ಲಿ ಉಗುರಿನಷ್ಟು ನೀಲಿ ಕಂಡಿತು. ಅಭ್ಯಾಸದಂತೆ ಕಣ್ಣು ಮುಚ್ಚಿ ಬೆರಳಾಡಿಸಿದೆ. ಏಣು. ಮೇಲಿನಿಂದ ಕೆಳಗಿನವರೆಗೆ ಗಾಜಿನಲ್ಲೇ ಗೆರೆಗೆರೆಯಾಗಿ ಎದ್ದ ಏಣುಗಳು.

ಗಾಡಿ ತಳ್ಳಿದವರಿಗೆಲ್ಲ ಇದು ಗೊತ್ತು. ಹಿಂದೆ ವಿಷ ತುಂಬುವ ಸೀಸೆಗೆ ಹೀಗೆ ಏಣು ಎಬ್ಬಿಸುತ್ತಿದ್ದರು. ದೀಪವಿಲ್ಲದ ಮನೆಯಲ್ಲಿ ಕತ್ತಲಲ್ಲಿ ಕೈಗೆ ಸಿಕ್ಕರೂ ಇದು ಕುಡಿಯುವುದಲ್ಲ ಎಂದು ಬೆರಳೇ ಎಚ್ಚರಿಸಲಿ ಎಂದು.

ಬೀಗಿತ್ತಿ ಆ ಕಡೆ ತಿರುಗಿ ಜರಡಿ ಕೊಡವುತ್ತಿದ್ದರು. ಸೀಸೆಯನ್ನು ಮಣ್ಣಿನ ಸಮೇತ ಕೋಟಿನ ಜೇಬಿಗೆ ಇಳಿಸಿದೆ. "ಇವತ್ತಿಗೆ ಸಾಕು, ಬೆಳಕು ಹೋಯ್ತು" ಅಂದೆ. ಬೆಳಕು ಇನ್ನೂ ಬೇಕಾದಷ್ಟಿತ್ತು. ಅವರು ಕೈ ಕೊಡವಿಕೊಂಡು ಎದ್ದರು.

ಮನೆಯಲ್ಲಿ ಗೋಣಿ ಸುತ್ತಿ ಮೂಲೆಯಲ್ಲಿಟ್ಟು ಸುಮ್ಮನೆ ಕೂತೆ.

"ಮುಖಾನ ತಿಪ್ಪೇಲೇ ಬಿಟ್ಟು ಬಂದ್ರಾ?" ಅಂದಳು ನಮ್ಮವಳು.

ಹೇಳಿದೆ. ಬೀಗಿತ್ತಿ ಹೇಳಿದ್ದನ್ನೂ ಹೇಳಿದೆ, ಬೆರಳಿಗೆ ಸಿಕ್ಕಿದ್ದನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದುರಿಗೆ ಬಂದು ಕೂತಳು.

"ಈಗೇನು ಮಾಡ್ತೀರಿ?"

"ಏನೂ ಸಿಗ್ಲಿಲ್ಲ ಅಂದುಬಿಡೋಣ ಅಂತ. ನಾಳೆ ಕಾಂಕ್ರೀಟು ಬೀಳುತ್ತೆ. ಅಲ್ಲಿಗೆ ಮುಗೀತು."

"ಯಾರಿಗೆ ಮುಗೀತು? ಗುಂಡಿಗೆ ಮುಗೀತು. ಸಿಗ್ಲಿಲ್ಲ ಅಂದ್ರೆ ಅವರು ಸಾಯೋವರೆಗೂ ಅದೇ ಗುಂಡೀಲಿ ಕೂತು ಹುಡುಕ್ತಿರ್ತಾರೆ." ಮೂಲೆಯ ಗೋಣಿ ತೋರಿಸಿ, "ತೊಳೀದೇ ಇರೋ ಬಾಟ್ಲಿ ಮೇಲೆ ತೀರ್ಪು ಕೊಡೋದು ಯಾವಾಗಿಂದ ಶುರು ಮಾಡಿದ್ರಿ?" ಅಂದಳು.

ನಾನು ಎದ್ದು ಹೋಗಿ ಗೋಣಿಯನ್ನು ಇನ್ನೊಂದು ಸುತ್ತು ಸುತ್ತಿದೆ.

ಬೆಳಗ್ಗೆ ನಾನು ಬಾಗಿಲು ತೆಗೆಯುವಾಗ ಬೀಗಿತ್ತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದರು.

"ಬೀಗರೇ, ನಿನ್ನೆ ನಿಮ್ಮ ಕೋಟು ಒಂದು ಕಡೆ ಜೋತುಬಿದ್ದಿತ್ತು. ಜೇಬಲ್ಲಿ ಏನಿತ್ತು?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಗೋಣಿ ತಂದು ಬಿಚ್ಚಿದೆ. ನಮ್ಮವಳು ಮಗುವನ್ನು ಎತ್ತಿಕೊಂಡು ದೂರ ಹೋಗಿ ನಿಂತಳು. ಬೀಗಿತ್ತಿ ಆ ಬೂದಿಯ ಮುದ್ದೆಯನ್ನು ಮಡಿಲಿನಲ್ಲಿಟ್ಟುಕೊಂಡು ನೀಲಿ ಕಂಡ ಕಡೆ ಬೆರಳಿಟ್ಟರು. ಏಣು ಯಾಕಿರುತ್ತದೆ ಎಂದು ನಾನೇ ಹೇಳಬೇಕಾಯಿತು. ಹೇಳಿದೆ.

"ಹಾಗಾದ್ರೆ ಇದೇ" ಅಂದರು. ಅವರ ದನಿ ಒಂದಿಷ್ಟೂ ಏರಲಿಲ್ಲ. "ತೊಳೀರಿ. ಪೂರ್ತಿ ನೋಡ್ಬೇಕು."

"ಇನ್ನೊಂದು ದಿನ ಇಡ್ಬೇಕಿತ್ತು. ಈಗ ನೀರು ತಗುಲಿದ್ರೆ ಬಿರಿಯುತ್ತೆ."

"ಇನ್ನೊಂದು ದಿನಕ್ಕೆ ನಾನು ಬಿರೀತೀನಿ."

ನಮ್ಮವಳು ದೂರದಿಂದಲೇ, "ಅದಕ್ಕೇನಂತೆ, ಮೈಶಾಖ ಕೊಡಿ. ಚಳಿ ಹಿಡಿದ ಮಗೂಗೆ ಕೊಡಲ್ವಾ, ಹಾಗೆ" ಅಂದಳು.

ಅದು ನನಗೆ ಹೊಳೆದಿರಲಿಲ್ಲ. ಬೀಗಿತ್ತಿ ಎರಡೂ ಅಂಗೈ ನಡುವೆ ಅದನ್ನು ಹಿಡಿದುಕೊಂಡರು. ಅವರ ಕೈ ತಣ್ಣಗಾದಾಗ ನಾನು ಹಿಡಿದೆ, ಮತ್ತೆ ಅವರಿಗೆ ಕೊಟ್ಟೆ. ವಿಷದ ಸೀಸೆಗೆ ಇಬ್ಬರು ಮುದುಕರು ಕಾವು ಕೊಡುತ್ತ ಕೂತೆವು. ಮಗು ಆ ಕಡೆಯಿಂದ ತನಗೂ ಬೇಕೆಂದು ಕೈ ಚಾಚಿ ಕಿರುಚುತ್ತಿತ್ತು. ಗಾಜಿನ ಚಳಿ ಬಿಟ್ಟ ಮೇಲೆ ಬೆಚ್ಚನೆ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಬಾಯಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಒರೆಸುತ್ತ ಬಂದೆ.

ಗಾಜು ಕಾಣಲಿಲ್ಲ. ಕೆಂಪು ಕಂಡಿತು.

ಇನ್ನೊಂದು ಸಲ ಒರೆಸಿದೆ. ಅರಗು. ಬಿರಡೆಯ ಮೇಲೆ, ಕತ್ತಿನ ಸುತ್ತ, ಒಂದು ಎಳೆಯೂ ಬಿರುಕಿಲ್ಲದೆ ಅರಗು ಕೂತಿತ್ತು. ಬೆಳಕಿಗೆ ಹಿಡಿದೆ. ಸೀಸೆಯ ಹೆಗಲಿನವರೆಗೆ ಏನೋ ತುಂಬಿತ್ತು. ಓರೆ ಮಾಡಿದರೆ ಅದೂ ಓರೆಯಾಯಿತು. ನಿನ್ನೆಯಿಂದ ಅದರ ಭಾರ ನನ್ನ ಜೇಬಿಗೂ ಗೊತ್ತಿತ್ತು, ಅಂಗೈಗೂ ಗೊತ್ತಿತ್ತು. ಮಣ್ಣಿನಿಂದ ಎದ್ದ ಸೀಸೆಗಳೆಲ್ಲ ಒಳಗೆ ಮಣ್ಣು ತುಂಬಿಕೊಂಡೇ ಬರುತ್ತವೆ. ಹಾಗಾಗಿ ಭಾರ ಯಾಕೆ ಎಂದು ನಾನು ಯಾವತ್ತೂ ಕೇಳಿಕೊಂಡವನಲ್ಲ. ಅಗೆದು ರೂಢಿಯಿಲ್ಲದವನು ಎತ್ತಿದ ಕೂಡಲೇ ಕೇಳಿರುತ್ತಿದ್ದ.

"ಇದನ್ನ ಯಾರೂ ಕುಡಿದಿಲ್ಲ" ಅಂದೆ. "ತುಂಬಿದ್ದು ತುಂಬಿದ ಹಾಗೇ ಇದೆ. ಕುಡಿದ ಮೇಲೆ ಎಸೆಯೋ ಸೀಸೆಗೆ ಯಾರೂ ಕೂತು ಅರಗು ಹಾಕಲ್ಲ."

ಬೀಗಿತ್ತಿ ಮುಖ ಹತ್ತಿರ ತಂದು ನೋಡುತ್ತಿದ್ದರು. ಅರಗಿನೊಳಗೆ ದಾರದ ಸುತ್ತು ಕಾಣುತ್ತಿತ್ತು. ಗಂಟಿರಲಿಲ್ಲ, ಸುತ್ತಿ ಸುತ್ತಿ ಕೊನೆಯನ್ನು ಒಳಗೇ ಸಿಕ್ಕಿಸಿತ್ತು.

"ಇದು ಅಪ್ಪನ ಕೈ. ಜೋಡಿಸಿದ ಮೊಳೆ ಚೆದುರಬಾರದು ಅಂತ ಪುಟಕ್ಕೆ ಹೀಗೇ ದಾರ ಸುತ್ತೋದು ಅವರು. ಮನೇಲಿ ಏನು ಕಟ್ಟಿದ್ರೂ ಹೀಗೇ. ಗಂಟೇ ಹಾಕ್ತಿರ್ಲಿಲ್ಲ." ಬೆರಳಿನಿಂದ ಅರಗನ್ನು ಮುಟ್ಟಿದರು. "ನಾನು ಎಲ್ಲಿ ಬಾಯಿಗೆ ಹಾಕ್ಕೋತೀನೋ ಅಂತ ಕಟ್ಟಿಟ್ಟಿದ್ದಾರೆ."

ನಾನು ಅಲ್ಲಿಗೆ ಸಮಾಧಾನ ಆಯಿತು ಅಂದುಕೊಂಡೆ. ಅವರು ಸೀಸೆಯನ್ನು ಕೆಳಗಿಟ್ಟು ತಲೆ ತಗ್ಗಿಸಿದರು.

"ಹಾಗಾದ್ರೆ ನಾನೇ" ಅಂದರು. "ಇಲ್ಲದ್ದು ಹೇಳಿದ್ದು ನಾನೇ. ಸಾಯೋವರೆಗೂ ಅಪ್ಪ ತಲೆ ಎತ್ತಿ ಬೀದೀಲಿ ನಡೀಲಿಲ್ಲ ಬೀಗರೇ."

"ನೀವು ನೀಲಿ ನೋಡಿದ್ರೋ ಇಲ್ವೋ?"

"ನೋಡಿದೆ. ಈಗ್ಲೂ ಕಣ್ಣ ಮುಂದೆ ಇದೆ. ಅಮ್ಮ ಕಿಟಕಿ ಹತ್ರ ನಿಂತು ತಲೆ ಎತ್ತಿ ಕುಡಿದ್ಲು. ಬೆಳಕು ಬಿದ್ದು ಕತ್ತೆಲ್ಲ ನೀಲಿ ಆಗಿತ್ತು."

"ನೋಡಿದ್ದೀರಿ ಅಂದ ಮೇಲೆ ಅದೂ ಗುಂಡೀಲಿ ಇರ್ಲೇಬೇಕು. ಎದ್ದೇಳಿ."

ನಾವು ಹೋಗುವಷ್ಟರಲ್ಲಿ ಮೇಸ್ತ್ರಿಯ ಹುಡುಗರು ಕಬ್ಬಿಣದ ಜಾಲರಿ ಹಾಸುತ್ತಿದ್ದರು. ಕಾಂಕ್ರೀಟು ಕಲಸುವ ಯಂತ್ರ ಗಡಗಡ ಅನ್ನುತ್ತಿತ್ತು. ಮೇಸ್ತ್ರಿ ನಮ್ಮನ್ನು ಕಂಡು ಎರಡೂ ಕೈ ಮೇಲೆತ್ತಿದ.

"ಅಜ್ಜಾ, ನಿನ್ನೆ ಏನು ಹೇಳಿದ್ದೆ ನಾನು? ಯಂತ್ರ ಕೇಳುತ್ತಾ ನಿಮ್ಮ ಮಾತನ್ನ?"

ಬೀಗಿತ್ತಿ ಅವನ ಹತ್ತಿರ ಹೋದರು. "ನಮ್ಮಮ್ಮಂದು ಒಂದು ಸಾಮಾನು ಉಳ್ಕೊಂಡಿದೆಯಪ್ಪ" ಅಂದರು, ಅಷ್ಟೇ. ಅವನು ಅವರನ್ನು ನೋಡಿದ, ಆಮೇಲೆ ಯಂತ್ರ ನಿಲ್ಲಿಸಲು ಕೈ ಸನ್ನೆ ಮಾಡಿದ.

"ಹುಡುಗ್ರು ಟೀ ಕುಡೀಲಿ. ಅವರು ಲೋಟ ಕೆಳಗಿಡೋವರೆಗೆ. ಆಮೇಲೆ ನನ್ನ ಕೇಳ್ಬೇಡಿ."

ಅವನೇ ಜಾಲರಿಯ ಮೂಲೆಯನ್ನು ಎತ್ತಿ ಹಿಡಿದ. ನಾನು ಕೆಳಗೆ ನುಸುಳಿ ನಿನ್ನೆ ಕೈ ನಿಲ್ಲಿಸಿದ ಕಡೆಯೇ ಕರಣೆ ಇಟ್ಟೆ. ಅವಸರ ಮಾಡಿದರೆ ಗಾಜು ಒಡೆಯುತ್ತದೆ, ಅವಸರ ಮಾಡದಿದ್ದರೆ ಲೋಟ ಕೆಳಗಿಳಿಯುತ್ತದೆ. ಕರಣೆ ಬಿಟ್ಟು ಬೆರಳಿನಿಂದಲೇ ಬೂದಿ ಬಗೆದೆ. ಹಿಂದಿನಿಂದ ಹುಡುಗರಲ್ಲೊಬ್ಬ ಇನ್ನೊಂದು ಟೀ ಬೇಕು ಅನ್ನುವುದು ಕೇಳಿಸಿತು. ಇನ್ನೊಬ್ಬ, ತನಗೂ ಅಂದ. ಸಕ್ಕರೆ ಕಡಿಮೆಯಾಯಿತು, ಮತ್ತೆ ತಾ ಎಂದು ಮೂರನೆಯವನು ಜಗಳ ತೆಗೆದ. ಅವರ ಹೊಟ್ಟೆ ತಣ್ಣಗಿರಲಿ.

ಸಿಕ್ಕಿತು. ಮೊದಲು ಒಂದು, ಅದನ್ನು ಎತ್ತಿದರೆ ಅದರ ಅಡಿಯಲ್ಲಿ ಇನ್ನೊಂದು, ಪಕ್ಕದಲ್ಲಿ ಮತ್ತೊಂದು. ಒಂದೇ ಗೂಡಿನಲ್ಲಿ ಸಾಲಾಗಿದ್ದು ಒಂದೇ ಸಲ ಬಿದ್ದವು. ಇಲ್ಲಿ ಬೂದಿ ಒಣಗಿ ಸಡಿಲವಾಗಿತ್ತು, ಉಫ್ ಎಂದು ಊದಿದರೆ ಹಾರಿತು. ಕೆಳಗೆ ನೀಲಿ. ಏಣಿಲ್ಲ, ಗೀರಿಲ್ಲ, ತೊಳೆದ ಕೆನ್ನೆಯ ಹಾಗೆ ನುಣುಪು. ಈ ಸೀಸೆ ನನಗೆ ಗಾಡಿಯ ಕಾಲದಿಂದ ಗೊತ್ತು. ಹೊಟ್ಟೆಯ ಉರಿಗೆ, ಹೊಟ್ಟೆಯ ನೋವಿಗೆ ಕೊಡುತ್ತಿದ್ದ ಬಿಳಿಯ ಔಷಧಿ ಇದರಲ್ಲಿ ಬರುತ್ತಿತ್ತು. ಒಂದೊಂದರ ತಳದಲ್ಲೂ ಸುಣ್ಣದಂಥ ಗಸಿ ಒಣಗಿ ಅಂಟಿತ್ತು.

ಒಂದನ್ನು ಮೇಲೆ ಚಾಚಿದೆ. "ಕಣ್ಣು ಮುಚ್ಚಿ ಹಿಡೀರಿ. ನೋಡಬೇಡಿ. ಬೆರಳಾಡ್ಸಿ."

ಬೀಗಿತ್ತಿ ಕಣ್ಣು ಮುಚ್ಚಿದರು. ಹೆಬ್ಬೆರಳು ಸೀಸೆಯ ಮೈಮೇಲೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹೋಯಿತು. ಆಮೇಲೆ ಯಾರೂ ಹೇಳದೆಯೇ ಅವರ ಕೈ ಮೇಲೆ ಹೋಗಿ ಸೀಸೆಯನ್ನು ಕೆನ್ನೆಗೆ ಒತ್ತಿಕೊಂಡಿತು.

"ನನಗೆ ಜ್ವರ ಬಂದಾಗ" ಅಂದರು. "ಇದನ್ನ ಹೀಗೆ ಒತ್ತುತ್ತಿದ್ಲು. ತಣ್ಣಗೆ. ನುಣ್ಣಗೆ. ಏಣು ಇರ್ಲಿಲ್ಲ ಬೀಗರೇ. ಏಣು ಇದ್ದಿದ್ರೆ ಚುಚ್ತಿತ್ತು."

"ಇರ್ಲಿಲ್ಲ. ನೀವು ಕಂಡಿದ್ದೂ ನಿಜ, ಅವರು ಕುಡಿದಿದ್ದೂ ನಿಜ. ಹೊಟ್ಟೆ ಕಾಯಿಲೆ ಇತ್ತು, ಔಷಧಿ ಕುಡಿದ್ರು. ನೋಡಿ, ಎಲ್ಲಾ ಖಾಲಿ. ಒಂದಾದ ಮೇಲೆ ಒಂದು ಕುಡಿದಿದ್ದಾರೆ. ಬದುಕಬೇಕು ಅನ್ನೋರು ಮಾತ್ರ ಹೀಗೆ ಕುಡೀತಾರೆ."

ಅವರು ಕಣ್ಣು ತೆರೆಯಲಿಲ್ಲ. ಕಣ್ಣೀರು ಬೂದಿ ಹತ್ತಿದ ಕೆನ್ನೆಯ ಮೇಲೆ ದಾರಿ ಮಾಡಿಕೊಂಡು ಇಳಿಯಿತು. ಮೇಸ್ತ್ರಿ ಜಾಲರಿ ಹಿಡಿದುಕೊಂಡೇ ಆ ಕಡೆ ಮುಖ ತಿರುಗಿಸಿ, ಟೀ ಆಗಲೇ ಮುಗಿದಿದ್ದರೂ ಇನ್ನೂ ಮುಗಿದಿಲ್ಲವಾ ಎಂದು ಹುಡುಗರ ಮೇಲೆ ರೇಗಿದ.

ವಿಷದ ಸೀಸೆಯನ್ನು ನಾನು ಜೇಬಿನಲ್ಲಿ ತಂದಿದ್ದೆ. ಅದನ್ನು ಏನು ಮಾಡೋಣ ಎಂದು ಕೇಳಿದೆ. "ಅಪ್ಪ ಅಷ್ಟು ಭದ್ರ ಮಾಡಿದ್ದಾರೆ. ಇನ್ನಷ್ಟು ಭದ್ರವಾಗ್ಲಿ" ಅಂದರು. ಗುಂಡಿಯ ಆಳದ ಮೂಲೆಯಲ್ಲಿಟ್ಟು ಬೂದಿ ಎಳೆದೆ. ಮೊದಲ ಬಾಣಲೆ ಕಾಂಕ್ರೀಟು ಅದರ ಮೇಲೇ ಬಿತ್ತು.

ದಾರಿಯಲ್ಲಿ ಬರುವಾಗ ಒಂದೇ ಮಾತು ಕೇಳಿದರು. "ಅಪ್ಪ ಒಂದು ಸಲ ಡಬ್ಬದೊಳಗೆ ನೋಡಿದ್ರೆ ಅರಗು ಕಾಣ್ತಿತ್ತು. ಯಾಕೆ ನೋಡ್ಲಿಲ್ಲ?"

"ನಿನ್ನೆ ಅದನ್ನ ನಾನೂ ಒರೆಸದೆ ಜೇಬಿಗೆ ಹಾಕ್ಕೊಂಡೆ" ಅಂದೆ. "ನೋಡೋಕೆ ಭಯ ಆಗುತ್ತೆ, ಬೀಗಿತ್ತಿಯವರೇ."

ತಲೆ ಆಡಿಸಿದರು.

ಈ ಸಲ ಅವರು ಆತುರ ಮಾಡಲಿಲ್ಲ. ಸೀಸೆಗಳು ಗೋಣಿಯಲ್ಲಿ ಹೊಂದಿಕೊಳ್ಳುವವರೆಗೂ ಕಾದರು. ತೊಳೆಯುವ ದಿನ ತಾವೇ ನೀರು ಬೆಚ್ಚಗೆ ಮಾಡಿಕೊಂಡು ಕೂತರು. ಒಂದೂ ಬಿರಿಯಲಿಲ್ಲ. ಒಂದನ್ನು ನನ್ನ ಕಿಟಕಿಗೆ ಕೊಟ್ಟರು, ಉಳಿದವನ್ನು ತಮ್ಮ ಮನೆಯ ಪೂರ್ವದ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ನಾನೂ ನಮ್ಮವಳೂ ಅವತ್ತು ಅಲ್ಲೇ ಇದ್ದೆವು.

ಬಿಸಿಲು ಏರಿದ ಹಾಗೆ ನೆಲದ ಮೇಲೆ ನೀಲಿ ಚುಕ್ಕೆಗಳು ಬಿದ್ದವು. ಮಗು ಅಂಬೆಗಾಲಿಟ್ಟುಕೊಂಡು ಹೋಗಿ ಒಂದು ಚುಕ್ಕೆಯ ಮೇಲೆ ಅಂಗೈ ಇಟ್ಟಿತು. ಚುಕ್ಕೆ ಕೈಯ ಮೇಲೆ ಬಂತು. ಇನ್ನೊಂದು ಕೈಯಿಂದ ಅದನ್ನು ಹಿಡಿಯಲು ಹೋಯಿತು, ಅದು ಆ ಕೈಗೆ ಹೋಯಿತು. ಮಗುವಿಗೆ ಸಿಟ್ಟು ಬಂತು.

ಆಗ ಬೀಗಿತ್ತಿ ಕೂತಲ್ಲಿಂದಲೇ ಆ ಹೆಸರು ಹಿಡಿದು ಕರೆದರು. ಮೆಲ್ಲಗೆ, ಪಕ್ಕದ ಕೋಣೆಯಲ್ಲಿರುವವರನ್ನು ಕರೆದ ಹಾಗೆ. ಅಡುಗೆಮನೆಯಲ್ಲಿ ಮಗಳ ಕೈಯ ಸದ್ದು ನಿಂತಿತು. ಕೆಲಸಕ್ಕೆ ಹೊರಟಿದ್ದ ಅಳಿಯ ಒಂದು ಕಾಲಿಗೆ ಶೂ ಹಾಕಿಕೊಂಡು ಬಾಗಿಲಲ್ಲೇ ನಿಂತ.

ಮಗು ತಿರುಗಲಿಲ್ಲ. ಅದಕ್ಕೇನು ಗೊತ್ತು. "ಬಂಗಾರಿ ಅನ್ಲಾ?" ಎಂದು ನಾನು ಕೇಳಿದೆ. ನಮ್ಮವಳು ಮೊಣಕೈಯಿಂದ ತಿವಿದಳು.

ಬೀಗಿತ್ತಿ ಇನ್ನೊಂದು ಸಲ ಕರೆದರು. ಈ ಸಲ ದನಿ ಗಟ್ಟಿಯಾಗಿತ್ತು. ಮಗು ನೀಲಿ ಬಿದ್ದ ಕೈ ಹಾಗೇ ಇಟ್ಟುಕೊಂಡು ತಿರುಗಿ ನೋಡಿತು.

"ಏನೂ ಇಲ್ಲ ಕಣೇ" ಅಂದರು ಬೀಗಿತ್ತಿ. "ಸುಮ್ಮನೆ ಕರೆದೆ."